ಮೂರು ತೊಲಿ ಕೆಂಪು

ಕರ್ತನೇ, ಗುಳೇದಗುಡ್ಡದ ಮಾರ್ಥವ್ವ ನಾನು.
ಇಷ್ಟೊತ್ತಿನ್ಯಾಗ ಕರದೆ ಅಂತ ಸಿಟ್ಟಾಗಬ್ಯಾಡ.
ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು ಕುಂತೀನಿ.
ಲಾಳಿ ಸುಮ್ಮನಾಗೇತಿ,
ಗುಡ್ಡದ ಕಲ್ಲು ಇನ್ನೂ ಹಗಲಿನ ಬಿಸಿ ಬಿಡಾಕತ್ತಾವ.
ಮೊಣಕಾಲು ಊರಾಕ ಆಗೂದಿಲ್ಲ, ನಿನಗ ಗೊತ್ತೈತಿ.
ಕುಣಿಯಾಗ ಇಳದೀನಲ್ಲ,
ಇದನ್ನ ಊರಿದಂಗ ತಿಳಕೋ.

ಹೇಳೂದು ಇಷ್ಟ:
ಒಂದು ವರ್ಷ ಸಾವಕಾರರ ರೇಷ್ಮಿ ಕದ್ದೀನಿ.
ತೂಗಿ ಕೊಡತಾರ ನೂಲು, ತೂಗಿ ತಗೋತಾರ ಖಣ.
ನಡುವ, ಕಂಡಿಕಿ ಸುತ್ತುವಾಗ,
ಒಂದೆಳಿ ಎರಡೆಳಿ ಬೆರಳಿಗೆ ಸುತ್ತಿಕೊಂಡು
ಕಡಿಮಿ ಬಿದ್ದ ತೂಕಕ್ಕ ಒಂದು ಕೈ ಗಂಜಿ ಹೆಚ್ಚು ಹಚ್ಚತಿದ್ದೆ.
ಯಾರೂ ಕಲಿಸಲಿಲ್ಲ ಈ ಉಪಾಯ.

ಮೊದಲ ನಿನ್ನ ಮುಂದ ಬ್ಯಾರೆ ಹೇಳಿದ್ದೆ:
ಮೊಮ್ಮಗಳು ಎಸ್ತೇರಿಗೆ, ದೃಢೀಕರಣದ ದಿನಕ್ಕ ಅಂತ.
ಬಿಳಿ ಉಡೂ ದಿನ ಕೆಂಪು ಖಣ ಯಾಕ ಅಂತ
ನೀ ಕೇಳಲಿಲ್ಲ.
ನೀ ಕೇಳದ ಮಾತು
ರಾತ್ರಿಯೆಲ್ಲಾ ಕಿವಿಯಾಗ ಗುಂಯ್‌ಗುಟ್ಟಿತು.

ಖರೇ ಹೇಳತೀನಿ, ನನಗ ಬೇಕಾಗಿತ್ತು.
ಬಾದಾಮಿ ಬಸ್ಸಿನ್ಯಾಗ ಒಬ್ಬಾಕಿ ಬೆನ್ನು ನನ್ನ ಮುಂದಿತ್ತು,
ಬೆನ್ನ ತುಂಬ ಸೂಜಿಮಲ್ಲಿಗಿ,
ಅಂಚಿನ್ಯಾಗ ನನ್ನ ಕೈಯ ತಪ್ಪು ಒಂದು.
ಆಕಿಗೆ ತಿಳೀದು, ನನಗ ತಿಳೀತು.
ಮುಟ್ಟಬೇಕನಿಸಿತು. ಮುಟ್ಟಲಿಲ್ಲ.
ಅವತ್ತ ಮೊದಲ ಎಳಿ ಬೆರಳಿಗೆ ಬಂತು.
ಹಸಿವಿ ಅಂತ ಹೇಳಾಕ ಬಾಯಿಲ್ಲ,
ಹಸಿವೀನ ನಾ ಹತ್ತಿರದಿಂದ ಬಲ್ಲೆ.
ಕನ್ನಡಿ ಕರೀತು, ಹ್ವಾದೆ.

ಸೆಳತಕ್ಕ ಪಾದ್ರಿಗಳು ಶೋಧನೆ ಅಂತಾರ.
ಸಣ್ಣಾಕಿದ್ದಾಗ ಅದನ್ನ ಸಾಣಿಗಿ ಅಂತ ತಿಳದಿದ್ದೆ,
ಮನಿಷ್ಯಾರನ್ನ ನೀ ಜ್ವಾಳದ ಹಿಟ್ಟಿನಂಗ ಆಡಿಸಿ ನೋಡತಿ ಅಂತ.
ರವಿವಾರದ ಸಾಲಿಯಾಗ ಎಲ್ಲಾರೂ ನಕ್ಕಿದ್ದರು.
ಮೊನ್ನೆ ಸೊಸಿ ಹಿಟ್ಟಿನ ಡಬ್ಬಿ ತಳ ಬಳದು
ಸಾಣಿಗಿಗೆ ಸುರಿವಿದಳು.
ಹಿಟ್ಟು ಇಳೀತು.
ಕೆಂಪು ಉಳೀತು.
ನನ್ನ ನೋಡಿದಳು. ಏನೂ ಅನಲಿಲ್ಲ.
ಲಡಿ ಝಾಡಿಸಿ ನನ್ನ ಕೈಯಾಗ ಇಟ್ಟು
ರೊಟ್ಟಿ ಬಡಿಯಾಕ ಕುಂತಳು.
ಅವತ್ತಿನ ರೊಟ್ಟಿ ಸಪ್ಪಳ ಓಣಿಗೆಲ್ಲಾ ಕೇಳಿರಬೇಕು.

ತೂಗಿ ನೋಡಿದೆ: ಮೂರು ತೊಲಿ.
ವರ್ಷದ ಕಳವು
ಒಂದು ತೋಳಿಗೂ ಸಾಲದು.

ಇವತ್ತ ಒಯ್ದು ಇಟ್ಟೆ ಗಾದಿ ಮ್ಯಾಲೆ.
ಮುರಿಗೆಪ್ಪ ಸಾವಕಾರರು ಚಾಳೀಸ ಏರಿಸಿ
ಕಿರ್ದಿ ತಗದು ನನ್ನ ಕಡೆ ತಿರುವಿದರು.
ತಿಂಗಳಾ ತಿಂಗಳಾ ನನ್ನ ಹೆಸರಿನ ಮುಂದ
ಇರಿವಿಯಂಥ ಅಕ್ಷರದಾಗ: ಕಸರು, ಬಿಟ್ಟದ್ದು.
ಕಸರು, ಬಿಟ್ಟದ್ದು. ಕಸರು, ಬಿಟ್ಟದ್ದು.
"ಗಂಜಿ ವಾಸನಿ ಬರತಿತ್ತು ಮಾರ್ಥವ್ವ,
ಮೂಗಿಗೇನೂ ವಯಸ್ಸಾಗಿಲ್ಲ ನನಗ."
ಕೇಳೂ ಮೊದಲ ಬಿಟ್ಟಿದ್ದರು.
ಆದರ ಆ ಮೂರು ತೊಲಿ ತೂಗೇ ತಗೊಂಡರು,
ಮುಂದಿನ ಸಲದಿಂದ
ಗಂಜಿ ಹಚ್ಚೂ ಮೊದಲ ತೂಗೂಣು ಅಂದರು.
ಹೂಂ ಅಂದೆ. ಮತ್ತೇನನ್ನಲಿ.
ಸಂತಿ ದಾಟಿ ಬರುವಾಗ ಅತ್ತೆ,
ಹಗುರಾತೋ ನಾಚಿಕಿ ಆತೋ, ಇನ್ನೂ ಬಗಿಹರಿದಿಲ್ಲ.

ನಿನ್ನ ಕಿರ್ದಿಯಾಗ ಏನು ಬರದೀದಿ, ನಾ ಓದಲಾರೆ.
ಒಂದು ಕೇಳತೀನಿ.
ಕೆಂಪು ಕಂಡರ ಅರಳೂ ಕಣ್ಣು ನೀ ಕೊಟ್ಟದ್ದ.
ಚಂದ ಅನಿಸೂದು ಪಾಪ ಆದರ
ಈ ಗುಡ್ಡದ ಕಲ್ಲಿಗೆ ಸಂಜಿಮುಂದ
ಆ ಬಣ್ಣ ಯಾಕ ಹಚ್ಚತಿ?
ಕಣ್ಣು ಎಲ್ಲಿ ಮುಗೀತು,
ಬೆರಳು ಎಲ್ಲಿ ಸುರುವಾತು,
ಆ ನಡುವಿನ ಎಳಿ ತೋರಸು.
ದೀಪಕ್ಕ ಹಿಡದರ ನೂಲಿನ ಗಂಟು ಕಾಣತೈತಿ ನನಗ,
ಕಣ್ಣು ಮುಚ್ಚಿ ಬಿಚ್ಚತೀನಿ.
ನನ್ನ ಗಂಟು ಮಾತ್ರ
ಬ್ಯಾರೆಯವರ ಸಾಣಿಗಿಯಾಗ ಬಿದ್ದಾಗ ಕಂಡೆ.

ನಾಳೆ ಹೊಸಾ ಹಾಸು ಏರಸಬೇಕು.
ಅದೂ ಕೆಂಪ.
ತೋರಬೆರಳಿಗೆ ಎಳಿ ಸುತ್ತಿದ ಗೀರು ಇನ್ನೂ ಐತಿ.

ದೀಪ ತಗೀಲೇನತ್ತಿ ಅಂತಾಳ ಸೊಸಿ,
ಮೂರು ದಿನದ ಮ್ಯಾಲೆ ಮೊದಲ ಮಾತು.
ಇರಲಿ ತಂಗಿ, ಅಂದೆ.
ಇನ್ನೊಂದೀಟು ಇರಲಿ.