ಸ್ವಲ್ಪ ಚೀರ್ರಿ, ಅಕ್ಕಾರ

ಟಿಕೆಟ್ಟು ಆಸ್ಪತ್ರೆಯವರು ಕೊಟ್ಟದ್ದು, ದಾದಿಯರಿಗೆ ಪುಕ್ಕಟೆ.
ಶಾರ್ಜಾದಿಂದ ವ್ಯಾನು, ಕಾಲಲ್ಲಿ ಇನ್ನೂ ಡ್ಯೂಟಿ ಶೂ,
ಲಿಸ್ಸಿಯ ತೊಡೆಯ ಮೇಲೆ ಡಬ್ಬಿಯಲ್ಲಿ ಪುಟ್ಟು,
ಮಾರಿಸೆಲ್ ಹಣೆಗೆ ಎರಡು ಕೆಂಪು ಕೊಂಬು.
ಅಕ್ಟೋಬರ್ ಕೊನೆ; ಸೆಕೆಯ ಒದ್ದೆ ಬಟ್ಟೆಯನ್ನು
ಯಾರೋ ಆಗಷ್ಟೇ ಹಿಂಡಿ ಹರವಿದ ಹಾಗೆ ಗಾಳಿ.

ಮರಳಿನ ನಡುವೆ ಪಾರ್ಕು. ಬಾಗಿಲಲ್ಲಿ ಪ್ಲಾಸ್ಟಿಕ್ ಕುಂಬಳ.
ನಮ್ಮಲ್ಲಾದರೆ ದೃಷ್ಟಿ ತೆಗೆದು ಒಡೆಯುತ್ತಿದ್ದೆವು,
ಇಲ್ಲಿ ಅದರ ಹೊಟ್ಟೆಯೊಳಗೆ ಬಲ್ಬು.
ಕಪ್ಪು ಅಬಾಯಾದ ಹುಡುಗಿಯರು ಒಳಗೆ ಹೋಗುವ ಮೊದಲೇ
ಒಂದು ಸಲ ಕಿರುಚಿ ನೋಡಿಕೊಂಡರು, ಗಂಟಲು ಸರಿಯಿದೆಯೇ ಎಂದು.

ಮೂರು ಚಕ್ರವ್ಯೂಹ. ಮೊದಲನೆಯದು ಮುಳುಗಿದ ಹಡಗು,
ಅಲ್ಲಿ ಕಾಲು ಜಾರಿದ್ದೊಂದೇ ನೆನಪು.
ಎರಡನೆಯದಕ್ಕೆ ಸಾಲು ಉದ್ದ, ಬಿಟ್ಟೆವು.
ಮೂರನೆಯದು, ನಗಬೇಡಿ, ಆಸ್ಪತ್ರೆ.

ತುಕ್ಕು ಹಿಡಿದ ಮಂಚಗಳು, ಗ್ಲಿಸರಿನ್ ವಾಸನೆಯ ಹೊಗೆ,
ಗೋಡೆಗೆ ಎರಚಿದ ರಕ್ತ ತೀರಾ ಕೆಂಪು;
ಒಣಗಿದರೆ ಕಾಫಿ ಬಣ್ಣಕ್ಕೆ ತಿರುಗುತ್ತದೆಂದು ಇವರಿಗೆ ಯಾರೂ ಹೇಳಿಲ್ಲ.
ಸಲೈನ್ ಬಾಟಲಿಯಿಂದ ಹೊರಟ ಕೊಳವೆ ಎಲ್ಲಿಗೂ ಹೋಗಿಲ್ಲ.
ಮಾರಿಸೆಲ್ ಚೀರಿದಳು, ಲಿಸ್ಸಿ ಮಾತಾವನ್ನು ಕರೆದಳು,
ನಾನು ಬೆಡ್‌ಶೀಟಿನ ಮೂಲೆ ಮಡಿಸಲು ಬಗ್ಗಿದ್ದೆ.

ಆಗ ಎದ್ದು ನಿಂತ, ತಲೆಗೆಲ್ಲ ಬ್ಯಾಂಡೇಜು ಸುತ್ತಿಕೊಂಡವನು.
“ಯಾರಪ್ಪಾ ಇದನ್ನ ಕಟ್ಟಿದ್ದು, ಥೂ,” ಅಂದೆ, ಬಾಯಿ ತಪ್ಪಿ.
ದೆವ್ವ ತಡವರಿಸಿತು. ಎರಡೂ ಕೈ ಹಾಗೇ ಮೇಲೆತ್ತಿಕೊಂಡು,
ಗೊಗ್ಗರು ದನಿ ಇಳಿಸಿ, ನನ್ನ ಕಿವಿಗಷ್ಟೇ:
“ಸ್ವಲ್ಪ ಚೀರ್ರಿ, ಅಕ್ಕಾರ. ಮ್ಯಾಲೆ ಕ್ಯಾಮೆರಾ ಐತ್ರಿ.
ಎಷ್ಟು ಮಂದಿ ಚೀರಿದ್ರು ಅಂತ ಎಣಸ್ತಾರ.”

ಪ್ರಯತ್ನಪಟ್ಟೆ. ಸೀನು ಬಂದು ಹೋದಂಥ ಸದ್ದಾಯಿತು.

ಹೊಗೆ ಇನ್ನೊಂದು ಸುತ್ತು ಬರುವಷ್ಟರಲ್ಲಿ ಹೇಳಿದ:
ಹೆಸರು ಮೌನೇಶ, ಸುರಪುರದ ಕಡೆಯವನು; ಹಗಲು
ಜಬಲ್ ಅಲಿಯ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ಕುಯ್ಯುವುದು.
ಬಣ್ಣದ ಗಾಯಗಳ ನಡುವೆ ಹೆಬ್ಬೆರಳಲ್ಲೊಂದು
ಬಣ್ಣ ಹಚ್ಚದ ಗಾಯ, ಅಂಚು ಊದಿದ್ದು.
“ಟಿಟಿ ಹಾಕಿಸಿದೆಯಾ?” ದೆವ್ವ ತಲೆ ಅಲ್ಲಾಡಿಸಿತು.
ಕ್ಲಿನಿಕ್ಕಿನ ಹೆಸರು ಹೇಳಿ, “ನಾಳೆ ಬಾ,” ಅಂದೆ.
ಅಂದ ಮೇಲೆ ಇಬ್ಬರಿಗೂ ನಗು.
ಚಿಕ್ಕಂದಿನಲ್ಲಿ ಅಮ್ಮ ಸುಣ್ಣದಲ್ಲಿ ಬಾಗಿಲಿಗೆ ಬರೆದದ್ದು ಅದೇ ಮಾತು,
ವೀಸಾ ಕೌಂಟರಿನಲ್ಲಿ ನಮಗೆ ಹೇಳುವುದೂ ಅದೇ:
ಬುಕ್ರಾ, ಬುಕ್ರಾ.

ಹಿಂದಿನಿಂದ ಹುಡುಗರ ಗುಂಪು ನುಗ್ಗಿತು. ಮುಂದೆ ಹೋದೆ.

ಕೊನೆಯ ಕೋಣೆ. ಖಾಲಿ ಮಂಚ. ಅದರ ಕೆಳಗೆಲ್ಲೋ
ಫೋನು ಹೊಡೆದುಕೊಳ್ಳುತ್ತಿತ್ತು.
ಅಷ್ಟೇ. ಮುಖವಾಡವಿಲ್ಲ, ಗರಗಸವಿಲ್ಲ.
ಒಂಬತ್ತನೇ ಬೆಡ್ಡಿನವನ ಚೀಲದಲ್ಲಿ ಹೀಗೇ,
ಅವನ ಮೂಗಿಗೆ ಹತ್ತಿ ಇಟ್ಟ ಮೇಲೂ, ಬೆಳಗಿನವರೆಗೆ.
ಪರದೆಯ ಮೇಲೆ ಬಂಗಾಳಿ ಅಕ್ಷರ, ನನಗೆ ಓದಲು ಬಾರದ್ದು.
ಎತ್ತಲಿಲ್ಲ. ಎತ್ತಿ ಯಾವ ಭಾಷೆಯಲ್ಲಿ ಏನನ್ನುವುದು.
ಷಿಫ್ಟು ಮುಗಿಸಿ, ಚಾರ್ಟಿಗೆ ಸಹಿ ಹಾಕಿ, ಬಸ್ಸು ಹಿಡಿದಿದ್ದೆ.

ಚೀರಿದೆ.

ಎಷ್ಟು ಹೊತ್ತೋ. ಹೊರಬಾಗಿಲ ಟಾರ್ಚಿನ ಹುಡುಗ
ಹೆಬ್ಬೆರಳೆತ್ತಿ ತೋರಿಸಿದ, ಈ ರಾತ್ರಿಗೆ ಇದೇ ಮೊದಲ ನಂಬರಂತೆ.
ಲಿಸ್ಸಿ ಬೆನ್ನು ತಟ್ಟಿ ನಕ್ಕಳು, ಆಮೇಲೆ ನಗಲಿಲ್ಲ.

ಫೋಟೋಗೆ ನಲವತ್ತು ದಿರ್ಹಮ್. ತೆಗೆದುಕೊಂಡೆ.
ಅದರಲ್ಲಿ ನನ್ನ ಬಾಯಿ, ಅಷ್ಟು ದೊಡ್ಡದೆಂದು ಗೊತ್ತಿರಲಿಲ್ಲ,
ಮತ್ತೆ ಹಿಂದೆ, ಮಸುಕಾಗಿ,
ತನ್ನ ಜಾಗ ಬಿಟ್ಟು ಓಡಿ ಬರುತ್ತಿರುವ ದೆವ್ವ,
ಬ್ಯಾಂಡೇಜು ಅರ್ಧ ಬಿಚ್ಚಿ ಹೆಗಲ ಮೇಲೆ,
ಎರಡೂ ಕೈ ಮುಂದೆ,
ಬೀಳುವವರನ್ನು ಹಿಡಿಯಲು ಚಾಚುತ್ತಾರಲ್ಲ, ಹಾಗೆ.

ವ್ಯಾನಿನಲ್ಲಿ ಕರಕ್ ಚಹಾ ಕೆನೆ ಕಟ್ಟಿತ್ತು.
ಜಾಗ ಬಿಟ್ಟದ್ದಕ್ಕೆ ಅವನ ಆ ರಾತ್ರಿಯ ಕೂಲಿ
ಕತ್ತರಿಸಿದರೋ ಏನೋ.