ನಲವತ್ತೇಳನೆಯ ಬಿಲ್ಲೆ

ಹಲಗೆಯ ಮೇಲೆ ಅರವತ್ತೆರಡು ಮೊಳೆ,
ಮೊಳೆಗೊಂದು ಮರದ ಬಿಲ್ಲೆ,
ಒಂದು ಮೈ ಬಿಳಿ, ಒಂದು ಮೈ ಕೆಂಪು.
ನೀರಿಗಿಳಿವಾಗ ಕೆಂಪು ಮಾಡಿ, ಹತ್ತಿ ಬಂದಾಗ ಬಿಳಿ,
ಇಷ್ಟೇ ಕಾನೂನು, ಅಂತ ಮೊದಲ ದಿನವೇ ಹೇಳಿದ್ದೆ.
ಹೇಳಿದ್ದು ಇಂಗ್ಲಿಷಿನಲ್ಲಿ. ಎಣಿಸುವುದು ಮಾತ್ರ
ಕನ್ನಡದಲ್ಲೇ, ತುಟಿಯೊಳಗೆ.
ಬೇರೆ ಭಾಷೆಯಲ್ಲಿ ಎಣಿಸಿದರೆ
ಒಂದು ತಲೆ ಕೈತಪ್ಪಿ ಹೋದೀತೆಂಬ ಅಂಜಿಕೆ.

ಮೇನ್ ರಾಜ್ಯ. ಸ್ಕೌಹೀಗನ್ ದಾಟಿ ನಲವತ್ತು ನಿಮಿಷ,
ಡಾಂಬರು ಮುಗಿದಲ್ಲಿ ಈ ಕೆರೆ.
ಕೆರೆ ಅಂದರೆ ನಗುತ್ತೀರಿ, ಆಚೆ ದಡ ಕಾಣುವುದಿಲ್ಲ.
ನಸುಕಿನಲ್ಲಿ ಲೂನ್ ಹಕ್ಕಿ ಕೂಗುತ್ತದೆ,
ಕಳೆದುಹೋದವರನ್ನು ಯಾರೋ
ಹೆಸರು ಮರೆತು ಕರೆದ ಹಾಗೆ.
ನನಗೆ ಎತ್ತರದ ಕುರ್ಚಿ, ಕೊರಳಿಗೆ ಸೀಟಿ,
ಮೂಗಿಗೆ ಬಿಳಿ ಮುಲಾಮು, ಎರಡು ಹೊತ್ತು ಆಲೂಗಡ್ಡೆ.

ಈಜು ಕಲಿತದ್ದು ಇಂಡಿ ತಾಲೂಕಿನ ಬಾವಿಯಲ್ಲಿ.
ಸೋದರತ್ತೆ ಬೆನ್ನಿಗೆ ಒಣ ಸೋರೆಬುರುಡೆ ಬಿಗಿದು
ಮೆಟ್ಟಿಲ ಮೇಲಿಂದ ದಬ್ಬಿದ್ದಳು:
"ಮುಳುಗಿದ್ರ ಒದರು, ತೇಲಿದ್ರ ಸುಮ್ನಿರು."
ಇಲ್ಲಿನ ತರಬೇತಿಯಲ್ಲಿ ಗೊತ್ತಾಯಿತು, ಅತ್ತೆ ಹೇಳಿದ್ದು ತಿರುಗುಮುರುಗು.
ಮುಳುಗುವವರು ಒದರುವುದಿಲ್ಲ.

ಇಫ್ರಾಹ್ ಮೈತುಂಬ ಉಡುಪು ತೊಟ್ಟು ಮೀನಾಗುತ್ತಾಳೆ.
ಒರಿನ್ ತಳದಿಂದ ಕಲ್ಲು ಹೆಕ್ಕಿ ತಂದು
ನನ್ನ ಕುರ್ಚಿಯಡಿ ಇಡುತ್ತಾನೆ, ದಿನಕ್ಕೊಂದು,
ಬಾಡಿಗೆ ಕೊಟ್ಟಂತೆ.
ವೆಸ್ಲಿ ಥಿಬೊಡೊಗೆ ಮಾತ್ರ ಎರಡು ಗಂಟೆಗೆ ಸರಿಯಾಗಿ
ಹೊಟ್ಟೆನೋವು. ಒಂಬತ್ತು ವರ್ಷ. ಮೊಣಕಾಲು ಸದಾ ಒಣ.
"ನಾಳೆ" ಅನ್ನುತ್ತಾನೆ, ಹಳೆಯ ಸಾಲಗಾರನ ಹಾಗೆ.

ಜುಲೈ, ಒಂದು ಮಂಗಳವಾರ. ಸೀಟಿ ಊದಿದೆ. ಎಲ್ಲ ಹತ್ತಿದರು.
ಅರವತ್ತೊಂದು ಬಿಳಿ.
ನಲವತ್ತೇಳು ಕೆಂಪು.

ಮತ್ತೆ ಎಣಿಸಿದೆ. ಇನ್ನೊಮ್ಮೆ.
ಕನ್ನಡವೂ ಅಷ್ಟೇ ಹೇಳಿತು.

ಗಂಟೆ ಬಡಿದರು. ಮಕ್ಕಳನ್ನು ಹುಲ್ಲಿನ ಮೇಲೆ ಕೂರಿಸಿದರು.
ಹನ್ನೊಂದು ಜನ ನಾವು, ತೋಳಿಗೆ ತೋಳು ಹೆಣೆದು
ದಡದಿಂದ ಆಳಕ್ಕೆ ಅಡ್ಡಸಾಲು.
ಅಡುಗೆಯ ಅರ್ಮಾಂಡನೂ ಬಂದ, ಏಪ್ರನ್ ತೇಲುತ್ತಿತ್ತು,
ಅರವತ್ತೆಂಟರ ನಿರ್ದೇಶಕಿ ಲೊರೇನ್, ಕನ್ನಡಕ ಸಮೇತ.
ಒಂದು ಹೆಜ್ಜೆ, ಪಾದದಿಂದ ತಳವನ್ನು ಗುಡಿಸು,
ಇನ್ನೊಂದು ಹೆಜ್ಜೆ, ಗುಡಿಸು.
ಜಾರುವ ಪ್ರತಿ ಕಲ್ಲೂ ಒಂದು ಭುಜ.
ಪಾಚಿ ಎಲ್ಲ ಕೂದಲು.
ಮಾತಿಲ್ಲ. ನನ್ನ ಹಲ್ಲಿನ ಸದ್ದು ನನಗೇ ಕೇಳುತ್ತಿತ್ತು.
ಆಳದ ತುದಿಯಲ್ಲಿ ನಾನು, ಗಲ್ಲದ ತನಕ ನೀರು,
ದೇವರಿಗೆ ಏನೇನೋ ಕೊಡಮಾಡಿದೆ,
ಯಾವ ದೇವರು ಅಂತ ವಿಚಾರಿಸಲಿಲ್ಲ.

ತಿರುಗುವಾಗ ಅಭ್ಯಾಸಬಲದಿಂದ ಸಾಲನ್ನು ಎಣಿಸಿದೆ.
ಹನ್ನೆರಡು.

ದಡದ ತುದಿಯಲ್ಲಿ, ಅರ್ಮಾಂಡನ ಕೈ ಹಿಡಿದು,
ಬಾಯಿಯ ಸುತ್ತ ಜಾಮು,
ಸೊಂಟದವರೆಗೆ ನೀರಿನಲ್ಲಿ ವೆಸ್ಲಿ ಥಿಬೊಡೊ,
ತಲೆ ಬಗ್ಗಿಸಿ, ಎಲ್ಲರಿಗಿಂತ ಶ್ರದ್ಧೆಯಿಂದ
ಕಾಲಾಡಿಸುತ್ತಿದ್ದ.
ಅರ್ಮಾಂಡ್ ಆಳದ ಕಡೆಗೇ ನೋಡುತ್ತಿದ್ದ.
"ಏನು ಕಳೆದಿದೆ?" ಹುಡುಗ ಕೇಳಿದ.

ಬಿಲ್ಲೆ ತಿರುಗಿಸಿಟ್ಟು ಅಡುಗೆಮನೆಗೆ ಹೋಗಿದ್ದನಂತೆ,
ಈಜುತ್ತಿದ್ದಾನೆ ಅಂತ ನಾನು ನಂಬಲೆಂದು.

ಯಾರೋ ನಕ್ಕರು. ಲೊರೇನ್ ಬೈದಳು, ಆಮೇಲೆ
ಬಂಡೆಯ ಮೇಲೆ ಕುಳಿತು ಒದ್ದೆ ಕನ್ನಡಕವನ್ನು
ಒದ್ದೆ ಅಂಗಿಯಿಂದಲೇ ಒರೆಸಿದಳು, ಬಹಳ ಹೊತ್ತು.
ನಾನು ಹುಡುಗನ ರಟ್ಟೆ ಹಿಡಿದು ಹಲಗೆಯ ಹತ್ತಿರ ಕರೆತಂದೆ.
ಹೊಡೆಯಬೇಕೆನ್ನಿಸಿತು, ಸುಳ್ಳು ಹೇಳುವುದಿಲ್ಲ.
"ತಿರುಗಿಸು" ಅಂದೆ, ಅದೂ ಕನ್ನಡದಲ್ಲಿ.
ತಿರುಗಿಸಿದ.

ರಾತ್ರಿ ವರದಿಯ ಫಾರಂ: ಗಾಯ, ಇಲ್ಲ.
ನಷ್ಟ, ಅರ್ಧ ಬಾಟಲಿ ಜಾಮು.
ಕಾರಣ ಬರೆಯುವ ಜಾಗ ಚಿಕ್ಕದಿತ್ತು.

ಮರುದಿನ ಎರಡು ಗಂಟೆಗೆ ಅವನಿಗೆ ಮತ್ತೆ ಹೊಟ್ಟೆನೋವು.
ನನಗೆ ಈಗಲೂ ಕೆಲವು ರಾತ್ರಿ
ಹೊದಿಕೆಯೊಳಗೆ ಪಾದಗಳು ತಾವಾಗಿ ಚಲಿಸುತ್ತವೆ,
ಹಾಸಿಗೆಯ ತಳ ಗುಡಿಸುತ್ತಾ,
ಒಂದು ಹೆಜ್ಜೆ, ಇನ್ನೊಂದು.