ಒಂಬತ್ತನೇ ಕಾಲಂ

ವರ್ಗಾವಣೆ ಪತ್ರದಾಗ ಒಂಬತ್ತನೇ ಕಾಲಂ:
ಕಾಲೇಜು ಬಿಟ್ಟ ಕಾರಣ.
ಇಪ್ಪತ್ತೆರಡು ವರ್ಷ ಇದರಾಗ ನಾ ಬರೆದದ್ದು ಮೂರೇ ಮಾತು.
ವ್ಯಾಸಂಗ ಮುಗಿದಿದೆ. ಪಾಲಕರ ಕೋರಿಕೆ.
ಹುಡುಗಿ ಇದ್ದರ, ಮದುವೆ.

ಇವತ್ತು ಸಿಂಧನೂರಿನ ಬಿಸಿಲು
ಕಿಟಕಿಯ ಮೂರು ಸರಳಿನ್ಯಾಗ ಮೈ ತೂರಿಸಿ ನಿಂತೈತಿ.
ಅದರ ಹಿಂದ ಹುಸೇನಪ್ಪ, ಬಿ.ಎ. ಎರಡನೇ ವರ್ಷ,
ಹಾಜರಿ ನೂರಕ್ಕ ನಲವತ್ತೊಂದು.
ಅವನ ಹಿಂದ ಅವರಪ್ಪ ದುರುಗಪ್ಪ,
ಮಿಲ್ಲಿನಿಂದ ಹಂಗೇ ಬಂದಾನ, ಹುಬ್ಬಿನ ಮ್ಯಾಲೆ ತೌಡು.

"ಸರ, ಟೀಸಿ ಬೇಕ್ರಿ. ಟೀಮಿನವರು ತಗೊಂಡಾರ."
ಆರು ಲಕ್ಷ. ಒಂದು ಸೀಸನ್ನಿಗೆ.
ಅರ್ಜಿಯ ಬೆನ್ನಿಗೆ ಸುಮ್ಮನ ಲೆಕ್ಕ ಹಾಕಿದೆ:
ಚೀಲಕ್ಕ ಎಂಟು ರೂಪಾಯಿ ಹಮಾಲಿ,
ಎಪ್ಪತ್ತೈದು ಸಾವಿರ ಚೀಲ.
ದುರುಗಪ್ಪನ ಕುತ್ತಿಗಿ ನೋಡಿ
ಲೆಕ್ಕ ಹೊಡೆದು ಹಾಕಿದೆ.

ಈ ಹುಡುಗ ಆಡಿ ಬೆಳೆದದ್ದು ಮಿಲ್ಲಿನ ಹಿತ್ತಲದಾಗ,
ಭತ್ತದ ಹೊಟ್ಟು ಹರವಿ, ಮ್ಯಾಲೆ ಗೋಣಿತಾಟು ಹಾಸಿ.
ಬಿದ್ದರ ಮೊಣಕೈ ತುಂಬ ಸುಂಕು.
ನಾ ನೋಡೀನಿ. ಅವನು ರೇಡಿಗೆ ಹೊಕ್ಕರ
ಉಸಿರು ಹಿಡಿದಾಂವ ಅವನು,
ಉಸಿರು ಮರೆತು ನಿಂತವರು ಎದುರಿನ ಏಳು ಮಂದಿ.

"ಪದವಿ ಮುಗಿಸಿ ಹೋಗೋ" ನಾಲಿಗಿ ತುದೀಗೆ ಬಂತು.
ಒಂದೂವರೆ ವರ್ಷ ಅಷ್ಟೇ.
ಆದರ ಒಂದೂವರೆ ವರ್ಷ ಯಾವ ಮೊಣಕಾಲು ಕಾಯ್ತೈತಿ?
ಮುಗಿಸಿದವರ ಹೆಸರೂ ನನ್ನ ರಿಜಿಸ್ಟರಿನಾಗೇ ಅದಾವ.
ಯಮನೂರಪ್ಪ, ಮೊದಲ ದರ್ಜೆ, ಅದೇ ಮಿಲ್ಲಿನಾಗ ತೂಕ ಬರೀತಾನ,
ಪಗಾರ ದುರುಗಪ್ಪಗಿಂತ ಕಡಿಮಿ.
ನಾನೂ ಪದವೀಧರನೇ.
ಪದವಿ ನನ್ನ ಈ ಕಿಟಕಿಯ ಒಳಗ ಕೂಡಿಸಿತು. ಫ್ಯಾನು ಐತಿ.
ಸರಳು ಮಾತ್ರ ಯಾವ ಕಡೀಂದ ನೋಡಿದರೂ ಮೂರೇ.

ಬಿಟ್ಟು ಹೋದವರೂ ಅದಾರ.
ಜವಳಗೇರಿಯ ಮಹಬೂಬ, ವಾಲಿಬಾಲು, ಆರಡಿ ಮೂರಿಂಚು,
ಮೂರನೇ ವರ್ಷ ಮೊಣಕಾಲಾಗ ಎರಡು ಸ್ಕ್ರೂ ಹಾಕಿಸಿಕೊಂಡು ಬಂದ.
ಮತ್ತ ಸೇರಿಸಿಕೊಳ್ರಿ ಅಂದ. ಅವಧಿ ಮೀರಿತ್ತು.
"ನಿಯಮ ಇಲ್ಲ" ಅಂದಾಂವ ನಾನೇ.
ಅವತ್ತು ಕಿಟಕಿಗೆ ಮುಖ ತರಾಕ ಅವನು ಬಗ್ಗಿದ್ದ.
ಅಷ್ಟು ಎತ್ತರದ ಮನುಷ್ಯಾ ಅಷ್ಟು ಬಗ್ಗಬಾರದು.

ದುರುಗಪ್ಪ ಕೇಳಿದ: "ಸರ, ಯಾವುದು ಗಟ್ಟಿ?"
ಎರಡು ತಳಿಯ ಕಾಳು ಅಂಗೈಯಾಗ ಹಿಡಿದು ಕೇಳಿದಂಗ.
ನಾ ಫ್ಯಾನಿನ ಕಡೆ ನೋಡಿದೆ.

ಅಷ್ಟರಾಗ ಗ್ರಂಥಾಲಯದ ಚೀಟಿ ಬಂತು.
ಬಾಕಿ: ಒಂದು ಪುಸ್ತಕ, ಅರ್ಥಶಾಸ್ತ್ರ, ಬೆನ್ನು ಹರಿದದ್ದು.
"ಎಲ್ಲೈತೋ?"
"ಚೀಲದಾಗೈತ್ರಿ." ತೆಗೀಲಿಲ್ಲ.
"ಅರ್ಧ ಓದೀನ್ರಿ. ಕ್ಯಾಂಪಿನ್ಯಾಗ ರಾತ್ರಿ ನಿದ್ದಿ ಬರೂದಿಲ್ಲ."
ದಂಡ ಕಟ್ತೀನಿ ಅಂದ. ಹೊಸದರ ಬೆಲೆ ಕೊಡ್ತೀನಿ ಅಂದ.
ಆರು ಲಕ್ಷದ ಹುಡುಗ,
ನೂರಾ ನಲವತ್ತು ರೂಪಾಯಿಯ ಪುಸ್ತಕ.

ಕಬಡ್ಡಿ ನಾ ಆಡಿದಾಂವ ಅಲ್ಲ.
ಒಮ್ಮೆ ಜಗಲಿಮ್ಯಾಲೆ ಇವನೇ ಸಣ್ಣವರಿಗೆ ಹೇಳಿಕೊಡ್ತಿದ್ದ:
"ಹೊಕ್ಕೋದು ಯಾವನಿಗೂ ಬರ್ತೈತಲೇ.
ಬೀಳೂವಾಗ ಕೈ ನಡುಗೆರೀ ಕಡೀಗಿರಬೇಕು.
ಒಂದು ಬೆರಳು ಸಾಕು."

ಮಾರ್ಕ್ಸ್ ಕಾರ್ಡು ಕೊಟ್ಟೆ, ವಯಸ್ಸಿನ ದಾಖಲೆಗೆ ಬೇಕಂತ.
"ಬಾಕಿ ಇದ್ದವರಿಗೆ ಟೀಸಿ ಕೊಡಾಕ ಬರೂದಿಲ್ಲ" ಅಂದೆ.
ನಿಯಮ. ಈ ಸಲ ಇತ್ತು.
"ಪುಸ್ತಕ ಒಯ್ಯಿ. ಓದಿ ಮುಗಿಸಿ ತಂದುಕೊಡು.
ಆಮ್ಯಾಲೆ ನೋಡೂಣು."
ದುರುಗಪ್ಪಗ ತಿಳೀಲಿಲ್ಲ. ಹುಡುಗಗ ತಿಳೀತೋ ಇಲ್ಲೋ,
ನಕ್ಕಂಗ ಕಾಣಿಸ್ತು, ಬಿಸಿಲೂ ಇರಬಹುದು.

ಹದಿನೈದು ದಿನಕ್ಕೊಮ್ಮೆ ಗ್ರಂಥಾಲಯಕ್ಕ ಹೋಗಿ
ವಹಿಯಾಗ ಅವನ ಹೆಸರಿನ ಮುಂದ ಬರೆಸಿ ಬರ್ತೀನಿ:
ಅವಧಿ ವಿಸ್ತರಿಸಿದೆ.
ಹಾಜರಿ ಪುಸ್ತಕದಾಗ ಸಾಲಿಗೆ ಸಾಲು ಕೆಂಪು ಗೈರು.
ಒಂಬತ್ತನೇ ಕಾಲಂ ಖಾಲಿ ಐತಿ.

ಬೆರಳಿಗೆ ಗೆರಿ ಹತ್ತಿರ ತಂದೆನೋ,
ಹಾರಾಕ ನಿಂತವನ ಪಾದ ಹಿಡಿದೆನೋ,
ರಾತ್ರಿ ಟೀವಿ ಹಚ್ಚಿದಾಗೆಲ್ಲ
ನಾ ಅವನ ಕಾಲೇ ನೋಡ್ತೀನಿ.